ಎಣ್ಣೆ ಮುಟ್ಟಿದ ಕೈ

ನಮ್ಮ ಮನೆಯಲ್ಲಿ ಮೂಗಿನ ಮಾತುಗಳಿಗೆ ನಿಷೇಧ ಬಿದ್ದು ನಾಲ್ಕು ವರ್ಷವಾಯಿತು. ಯಾರೂ ಕೂತು ಮಾಡಿದ ನಿಯಮವಲ್ಲ ಅದು. ನನ್ನ ಗಂಡನ ಮೂಗಿಗೆ ಕ್ಯಾನ್ಸರ್ ಆಗಿ, ಡಾಕ್ಟರರು ಅದನ್ನು ಬುಡಸಹಿತ ತೆಗೆದು ಮನೆಗೆ ಕಳಿಸಿದ ಮೊದಲ ವಾರದಲ್ಲೇ ನಾನು ಮಗಳ ಮೇಲೆ ಎಂದಿನಂತೆ ರೇಗಿದೆ: "ಎಲ್ಲದಕ್ಕೂ ಮೂಗು ತೂರಿಸ್ಲಿಕ್ಕೆ ಬರ್ಬೇಡ." ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬ್ಯಾಂಡೇಜಿನ ಒಳಗಿನಿಂದ ಇವರು, "ಇದ್ದವರು ತೂರಿಸ್ಲಿ ಬಿಡು ಮಾರಾಯ್ತಿ" ಎಂದು ಒಬ್ಬರೇ ನಕ್ಕರು. ನಾವಿಬ್ಬರೂ ನಗಲಿಲ್ಲ.

ಆಮೇಲೆ ಒಂದೊಂದಾಗಿ ಎಲ್ಲ ಬಿಟ್ಟೆವು. ಮೂಗು ಮುರಿಯುವುದು, ಮೂಗಿನ ಮೇಲೆ ಬೆರಳಿಡುವುದು, ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು. ಮಾತಾಡಲು ಇಷ್ಟೊಂದು ಮೂಗು ಬೇಕು ಎಂದು ಅದು ಹೋದ ಮೇಲೆಯೇ ನನಗೆ ಗೊತ್ತಾದದ್ದು. ಇನ್ನೊಂದು ಮಾತಂತೂ ನನ್ನ ಹೆಸರಿಗೇ ಅಂಟಿಕೊಂಡಿತ್ತು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ತವರಿನವರು, ಅತ್ತೆ ಮನೆಯವರು, ನೆರೆಯ ಮರಾಠಿ ಹೆಂಗಸರು ಕೂಡ ಅವರವರ ಭಾಷೆಯಲ್ಲಿ ಹೇಳುತ್ತಿದ್ದರು. ಸುಳ್ಳೇನಲ್ಲ. ಆ ಮಾತೂ ನಿಂತಿತು, ಸಿಟ್ಟು ಮಾತ್ರ ಹಾಗೇ ಉಳಿಯಿತು.

ಇವರು ಉಡುಪಿ ಕಡೆಯಿಂದ ಹದಿನೆಂಟರ ಪ್ರಾಯದಲ್ಲಿ ಮುಂಬಯಿಗೆ ಬಂದವರು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಇವರು ಗಲ್ಲೆಯ ಮೇಲೆ ಕೂತಲ್ಲಿಂದಲೇ ಒಳಗಿನ ಒಗ್ಗರಣೆಯ ಮೇಲೆ ಕಾವಲು ಕಾಯುತ್ತಿದ್ದರು. "ಸಾಸಿವೆ ಸೀದಿತು ನೋಡಿ" ಎಂದು ಇಲ್ಲಿಂದ ಕೂಗಿದರೆ ಅಡುಗೆ ಭಟ್ಟರು ಅಲ್ಲಿಂದ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅಂಥವರ ಮೂಗೇ ಹೋಯಿತು. ವಾಸನೆ ತಿಳಿಯುವ ನರ ಇನ್ನೂ ಒಳಗೆ, ಮೇಲಕ್ಕೆ ಇರುತ್ತದಂತೆ. ಬಂದರೆ ಬರಬಹುದು, ಇಲ್ಲವಾದರೆ ಇಲ್ಲ ಎಂದಿದ್ದರು ಡಾಕ್ಟರರು. ಕೆಮಿಕಲ್ ಕಂಪನಿಗಳ ಕಡೆಯಿಂದ ಗಾಳಿ ತಿರುಗಿ ಇಡೀ ಸೊಸೈಟಿ ಕಿಟಕಿ ಮುಚ್ಚಿಕೊಂಡ ದಿನ ಇವರು, "ಈ ಊರಿನಲ್ಲಿ ಆರಾಮ ಇರುವವ ನಾನೊಬ್ಬನೇ" ಎನ್ನುತ್ತಿದ್ದರು. ಹಾಗಾಗಿ ಇವರಿಗೆ ಏನೂ ವಾಸನೆ ಬರುವುದಿಲ್ಲ ಎಂದೇ ನಾನು ನಂಬಿಕೊಂಡಿದ್ದೆ.

ಕೊರೋನಾ ಹೋಗಿ ಎಲ್ಲರೂ ಮಾಸ್ಕ್ ಬಿಸಾಡಿದ ಮೇಲೂ ಇವರು ಮಾಸ್ಕ್ ಹಾಕಿಕೊಂಡೇ ಗಲ್ಲೆಗೆ ಕೂರುತ್ತಿದ್ದರು. "ಅಣ್ಣಾ, ಅಭೀ ತಕ್ ಡರ್ತೇ ಹೋ ಕ್ಯಾ?" ಇನ್ನೂ ಹೆದರಿಕೆಯಾ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಇವರು ಕಣ್ಣಲ್ಲೇ ನಕ್ಕು ಚಿಲ್ಲರೆ ಕೊಡುತ್ತಿದ್ದರು. ಮನೆಗೆ ಬಂದು ಮಾಸ್ಕ್ ತೆಗೆದಾಗ ಮಾತ್ರ ನಾನು ಒಲೆಯ ಕಡೆ ತಿರುಗುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಮುಖದ ನಡುವಿನ ಆ ತೂತಿಗೆ ನನ್ನ ಕಣ್ಣು ಹೊಂದಿಕೊಳ್ಳಲು ಒಂದು ವರ್ಷ ಹಿಡಿಯಿತು.

ಆಮೇಲೆ ಠಾಣೆ ಊರಿನ ಮಾಜಿವಾಡಾದಲ್ಲಿ ಸಿಲಿಕೋನಿನ ಮೂಗು, ಕಿವಿ ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆ ಎಂದು ತಿಳಿಯಿತು. ಎರಡನೇ ಮಹಡಿಯಲ್ಲಿ ಪುಟ್ಟ ಕೋಣೆ, ಗೋಡೆಯ ತುಂಬ ಮುಖದ ಅಚ್ಚುಗಳು. ಇವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೆನ್ನೆಯ ಬಣ್ಣ ನೋಡಿ ನೋಡಿ ಬಣ್ಣ ಕಲಸಿದಳು. ಮದುವೆಯ ಫೋಟೋ ತರಿಸಿಕೊಂಡು ಹಳೆಯ ಮೂಗಿನ ಎಡಗಡೆಗಿದ್ದ ಸಣ್ಣ ಡೊಂಕನ್ನೂ ಬಿಡಲಿಲ್ಲ. ಮೂಗು ಸಿದ್ಧವಾಗಿ, ಅದನ್ನಿಟ್ಟುಕೊಂಡು ಮೇಲೆ ಕನ್ನಡಕ ಹಾಕಿ ಇವರು ಕನ್ನಡಿ ನೋಡಿದಾಗ ನಾನು ಅಲ್ಲೇ ಅತ್ತೆ. ಇವರು ಅಳಲಿಲ್ಲ. "ಅಂಟು ಗಟ್ಟಿ ಉಂಟಾ?" ಎಂದು ಮಾತ್ರ ಕೇಳಿದರು.

ಅದೇ ಮುಖ್ಯ ಪ್ರಶ್ನೆಯಾಗಿತ್ತು. ಮೂಗು ಎಷ್ಟು ಚಂದವಿದ್ದರೇನು, ಅದು ನಿಲ್ಲುವುದು ಅಂಟಿನ ಮೇಲೆ. ಮೊದಲು ಕೊಟ್ಟ ಅಂಟು ಗಟ್ಟಿಯಾಗಿತ್ತು, ಬೆಳಿಗ್ಗೆ ಹಚ್ಚಿದರೆ ಸಂಜೆಯವರೆಗೂ ಅಲುಗುತ್ತಿರಲಿಲ್ಲ. ಆದರೆ ರೇಡಿಯೇಶನ್ನಿನ ಕರೆಂಟು ಕೊಟ್ಟು ಸುಟ್ಟ ಚರ್ಮ ಇವರದು, ಈರುಳ್ಳಿಯ ಸಿಪ್ಪೆಯಷ್ಟು ತೆಳು. ಹತ್ತನೇ ದಿನ ಮೂಗು ಬಿಡಿಸುವಾಗ ಅದರ ಜೊತೆ ಚರ್ಮವೂ ಎದ್ದು ಬಂತು. ರಕ್ತ ತುಟಿಗೆ ಇಳಿಯಿತು. ಇವರು ಸ್ಟೂಲನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರೇ ಹೊರತು ಹಾ ಎನ್ನಲಿಲ್ಲ. ಗಾಯ ಮಾಯಲು ಎರಡು ತಿಂಗಳು ಬೇಕಾಯಿತು.

ಎರಡನೆಯದು ಬಾಟಲಿಯ ಮೇಲೆಯೇ ತನ್ನನ್ನು ಚರ್ಮದ ಸ್ನೇಹಿತ ಎಂದು ಇಂಗ್ಲಿಷಿನಲ್ಲಿ ಹೊಗಳಿಕೊಂಡಿದ್ದ ಅಂಟು. ನೀರಿನಂಶದ್ದು. ಹಚ್ಚುವಾಗ ಹಾಲಿನಂತೆ ಬೆಳ್ಳಗೆ, ಕಾಯಬೇಕು, ಬಿಳಿ ಹೋಗಿ ತಿಳಿಯಾದ ಮೇಲೆ ಮೂಗನ್ನಿಟ್ಟು ಅಂಚಿನ ಸುತ್ತ ಒತ್ತಬೇಕು. ಚರ್ಮಕ್ಕೆ ಏನೂ ಮಾಡುವುದಿಲ್ಲ, ನಿಜ. ಆದರೆ ಬೆವರು ಹೆಚ್ಚಾದರೆ ಮೆಲ್ಲಗೆ ಕೈಬಿಡುವ ಸ್ನೇಹಿತ. ಎಣ್ಣೆ ಸೋಕಿದರಂತೂ ಮುಗಿದೇ ಹೋಯಿತು. ಆ ಹೆಂಗಸು ಬೆರಳು ಎತ್ತಿ ಹೇಳಿದ್ದಳು: "ಕಾಕೂ, ತೇಲ್ ಬಿಲ್ಕುಲ್ ನಕೋ. ಏಕ್ ಥೇಂಬ್ ಪಣ್ ನಕೋ."

ಒಂದು ಹನಿಯೂ ಬೇಡವಂತೆ. ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೇನು ಗೊತ್ತು. ನಮ್ಮಲ್ಲಿ ಸುಟ್ಟರೆ ತೆಂಗಿನೆಣ್ಣೆ, ಬಿರಿದರೆ ತೆಂಗಿನೆಣ್ಣೆ, ತಲೆ ಬಿಸಿಯಾದರೆ, ನಿದ್ದೆ ಬಾರದಿದ್ದರೆ, ಮಗು ಸುಮ್ಮನೆ ಅತ್ತರೂ ತೆಂಗಿನೆಣ್ಣೆ. ಇವರ ಅಕ್ಕ, ನನ್ನ ಅತ್ತಿಗೆ, ಉಡುಪಿಯಿಂದ ಯಾರು ಬಂದರೂ ಅವರ ಕೈಯಲ್ಲಿ ಗಾಣದ ಎಣ್ಣೆಯ ಬಾಟಲಿ ಕಳಿಸುತ್ತಿದ್ದರು. "ತಮ್ಮನ ಮುಖಕ್ಕೆ ಹಚ್ಚು, ಚರ್ಮ ಮೆತ್ತಗಾಗ್ತದೆ" ಎಂದು ಫೋನಿನಲ್ಲಿ ಹೇಳುತ್ತಿದ್ದರು. ನಾನು ಹೂಂ ಎಂದು, ಬಾಟಲಿಯನ್ನು ಎತ್ತರದ ಅಟ್ಟಕ್ಕೆ ಏರಿಸುತ್ತಿದ್ದೆ. ಇವರ ಟವೆಲು ಬೇರೆ, ದಿಂಬಿನ ಚೀಲ ಬೇರೆ, ಸೋಪು ಬೇರೆ ಮಾಡಿದೆ. ನಾನೇ ತಲೆಗೆ ಎಣ್ಣೆ ಹಾಕುವುದನ್ನು ಬಿಟ್ಟೆ. ದಿನಾ ಬೆಳಿಗ್ಗೆ ಕೈ ತೊಳೆದು, ಒರೆಸಿ, ಇವರನ್ನು ಸ್ಟೂಲಿನ ಮೇಲೆ ಕೂರಿಸಿ ಮೂಗು ಅಂಟಿಸುವ ಕೆಲಸ ನನ್ನದು. ಅಂಚನ್ನು ಒತ್ತಿ ಹಿಡಿದು ನೂರು ಎಣಿಸುತ್ತಿದ್ದೆ. ಇವರು ಕಣ್ಣು ಮುಚ್ಚಿ ಬಾಯಲ್ಲಿ ಉಸಿರಾಡುತ್ತ ಕೂತಿರುತ್ತಿದ್ದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನಾನು ಇವರ ಮುಖವನ್ನು ಅಷ್ಟು ಹೊತ್ತು ಹಿಡಿದಿದ್ದು ಅದೇ ಮೊದಲು.

ಮಗಳ ಮದುವೆ ಗೊತ್ತಾಯಿತು. ಹುಡುಗ ನವಿ ಮುಂಬಯಿಯವನು, ಬ್ಯಾಂಕಿನಲ್ಲಿ ಕೆಲಸ, ಮೂಲ ಪುತ್ತೂರಿನ ಕಡೆ. ಮದುವೆ ಪಕ್ಕದೂರು ಕಲ್ಯಾಣದ ಹಾಲ್ ಒಂದರಲ್ಲಿ ಎಂದಾಯಿತು. ಧಾರೆ ಎರೆಯುವವರು ಯಾರು ಎಂಬ ಮಾತು ಬಂದ ಕೂಡಲೇ ಇವರು, "ನನ್ನ ತಮ್ಮ, ಅವನ ಹೆಂಡತಿ ಕೂತ್ಕೊಳ್ಲಿ" ಎಂದುಬಿಟ್ಟರು. ನಮ್ಮ ಮಗಳಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಬೇರೆ ಭಾಷೆಯಲ್ಲಿ. "ಪಪ್ಪಾ, ಆಪ್ ನಹೀ ತೋ ಶಾದೀ ನಹೀ. ಬಸ್." ಎಂದಳು. ಪಪ್ಪ ಇಲ್ಲದೆ ಮದುವೆಯೇ ಇಲ್ಲವಂತೆ. ಇವರು ಎದ್ದು ಬಾಲ್ಕನಿಗೆ ಹೋದರು. ನಾನು ಹಿಂದೆಯೇ ಹೋದೆ. "ನನ್ನ ಮಗಳನ್ನು ನಾನೇ ಕೊಡ್ಬೇಕು ಅಂತ ಆಸೆ ಇಲ್ವಾ ನಂಗೆ?" ಎಂದರು. "ಆದ್ರೆ ಮುಖ ಇಟ್ಕೊಂಡು ಕೊಡ್ಬೇಕು. ಅಷ್ಟು ಹೊತ್ತು ಇದು ನಿಲ್ತದಾ, ಹೇಳು."

ನಿಲ್ಲುತ್ತದೆ ಎಂದು ನಾನು ಮಾತು ಕೊಟ್ಟೆ. ಬರೀ ಬಾಯಿಮಾತಿನದ್ದಲ್ಲ. ಎರಡು ಭಾನುವಾರ ಮೂಗು ಅಂಟಿಸಿ, ರೇಷ್ಮೆ ಪಂಚೆ ಉಡಿಸಿ, ಗ್ಯಾಸಿನ ಎರಡೂ ಒಲೆ ಹಚ್ಚಿ ಇವರನ್ನು ಅದರ ಮುಂದೆ ಒಂದೊಂದು ಗಂಟೆ ಕೂರಿಸಿದೆ. ಹೋಮದ ಬಿಸಿ, ಸ್ಟೇಜಿನ ಲೈಟು ಎಲ್ಲಕ್ಕೂ ರಿಹರ್ಸಲು. ಬೆವರು ಕನ್ನಡಕದಿಂದ ತೊಟ್ಟಿಕ್ಕಿತು, ಮೂಗು ಅಲುಗಲಿಲ್ಲ. ಆದರೂ ಇವರಿಗೆ ಧೈರ್ಯ ಸಾಲದೆ, "ಆ ಒಂದು ದಿನಕ್ಕೆ ಹಳೇ ಗಟ್ಟಿ ಅಂಟು ಹಚ್ಚುವ. ಚರ್ಮ ಹೋದ್ರೆ ಹೋಗ್ಲಿ" ಎಂದರು. ನಾನು ಕೇಳಲಿಲ್ಲ. ಆ ರಕ್ತ ಒರೆಸಿದವಳು ನಾನು. "ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿಮ್ಗೆ?" ಎಂದು ಜೋರು ಮಾಡಿದೆ. ಇವರು ಗಟ್ಟಿ ಅಂಟಿನ ಬಾಟಲಿಯನ್ನು ಒಳಗಿಟ್ಟರು.

ಮದುವೆಯ ಬೆಳಿಗ್ಗೆ ಹಾಲ್‌ನ ಕೋಣೆಯಲ್ಲಿ ಎಣ್ಣೆ ಶಾಸ್ತ್ರ. ಮದುಮಗಳಿಗೆ ಸುಮಂಗಲಿಯರು ಗರಿಕೆಯಲ್ಲಿ ಎಣ್ಣೆ ಮುಟ್ಟಿಸಿ, ಅರಸಿನ ಹಚ್ಚಿ, ಆಮೇಲೆ ಮೀಯಿಸುವುದು. ಹೆತ್ತವರಿಗೂ ನೆತ್ತಿಗೊಂದು ಹನಿ ಮುಟ್ಟಿಸುವ ಕ್ರಮ ನಮ್ಮಲ್ಲಿ. ನಾನು ಮುಂಚೆಯೇ ಎಲ್ಲರಿಗೂ ಎಚ್ಚರಿಸಿದ್ದೆ: ಇವರಿಗೆ ಬೇಡ. ಆದರೂ ಅತ್ತಿಗೆ ಎಣ್ಣೆಯ ಬಟ್ಟಲು ಹಿಡಿದುಕೊಂಡು ಇವರ ಕೋಣೆಯ ಕಡೆ ಹೊರಟರು.

"ಒಂದೇ ಹನಿ ಮಾರಾಯ್ತಿ, ನೆತ್ತಿಗೆ. ಶಾಸ್ತ್ರ ಬಿಡ್ಬಾರ್ದು."

"ಶಾಸ್ತ್ರ ಅಲ್ಲ ಅತ್ತಿಗೆ, ನಿಮ್ದು ಹಟ. ಅವ್ರ ಮುಖ ಬಿದ್ರೆ ನಿಮ್ಮ ಶಾಸ್ತ್ರ ಬಂದು ಎತ್ತಿ ಕೊಡ್ತದಾ?"

ನೆಂಟರ ಹೆಂಗಸರ ಎದುರಿಗೇ ಅಂದೆ. ಅತ್ತಿಗೆ ಇವರಿಗೆ ಅಮ್ಮನ ಜಾಗದಲ್ಲಿರುವವರು, ಎಪ್ಪತ್ತು ದಾಟಿದವರು. ಅವರು ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡರು, ನನಗೆ ಕಾಣದೆ ಇರಲಿಲ್ಲ. ಆದರೆ ಆಗ ನನಗೆ ಕನಿಕರಪಡಲು ಪುರುಸೊತ್ತಿರಲಿಲ್ಲ. ಮಗಳ ತಲೆಗೆ ಎಣ್ಣೆ ಹಾಕಿ, ತಟ್ಟಿ, ಕೈಕಾಲಿಗೆ ಅರಸಿನೆಣ್ಣೆ ತಿಕ್ಕಿ, ಮೀಯಿಸಿ ಕಳಿಸಿದೆ. ಎರಡು ಸಲ ಸೋಪು ಹಾಕಿ ಕೈ ತೊಳೆದೆ. ನಂತರ ಇವರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅಂಟು ಹಚ್ಚಿ, ಬಿಳಿ ಹೋಗುವವರೆಗೆ ಕಾದು, ಮೂಗಿಟ್ಟು ನೂರು ಎಣಿಸಿದೆ. ಐವತ್ತರ ಹತ್ತಿರ ಇವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಏನೋ ಹೇಳುವವರ ಹಾಗೆ ಬಾಯಿ ತೆರೆದರು. "ಈಗ ಮಾತಾಡ್ಬೇಡಿ, ಅಂಚು ಎದ್ರೆ ಕಷ್ಟ" ಎಂದು ಗದರಿದೆ. ಮತ್ತೆ ಕಣ್ಣು ಮುಚ್ಚಿದರು.

ಮಂಟಪದಲ್ಲಿ ಇವರು ಕೂತದ್ದನ್ನು ನೋಡಿ ಎಷ್ಟು ಜನ ಗುಟ್ಟಿನಲ್ಲಿ ನನ್ನ ಕೈ ಒತ್ತಿದರು! ಹೊಸಬರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಪುರೋಹಿತರು ಧಾರೆಗೆ ಕರೆದರು. ಇವರ ಎರಡು ಕೈ ಕೆಳಗೆ, ಅದರ ಮೇಲೆ ಮಗಳ ಕೈ, ಅಳಿಯನ ಕೈ, ತೆಂಗಿನಕಾಯಿ, ವೀಳ್ಯದೆಲೆ. ನಾನು ಪಕ್ಕದಲ್ಲಿ ನಿಂತು ಗಿಂಡಿಯಿಂದ ನೀರು ಬಿಡಬೇಕು. ಮಂತ್ರ ಮುಗಿಯುವವರೆಗೆ ನೀರಿನ ಎಳೆ ಕಡಿಯಬಾರದು. ಧಾರೆ ಕಡಿದರೆ ಒಳ್ಳೆಯದಲ್ಲ ಎಂದು ಚಿಕ್ಕವಳಿದ್ದಾಗಿನಿಂದ ಕೇಳಿ ಬೆಳೆದವಳು ನಾನು. ಹೋಮಕ್ಕೆ ಇನ್ನೂ ಬೆಂಕಿಯನ್ನೇ ಹಾಕಿರಲಿಲ್ಲ.

ನೀರು ಬಿಡಲು ತೊಡಗಿದ್ದೆ ಅಷ್ಟೆ, ಇವರ ಬಲಗೆನ್ನೆಯ ಹತ್ತಿರ ಅಂಚು ಎದ್ದದ್ದು ಕಂಡಿತು. ಒಂದು ಕೂದಲಿನಷ್ಟು. ಇವರಿಗೂ ತಿಳಿಯಿತು, ಕಣ್ಣು ನನ್ನ ಕಡೆ ಹೊರಳಿತು. ಇವರ ಕೈ ಎರಡೂ ಕೆಳಗೆ ಸಿಕ್ಕಿಕೊಂಡಿವೆ. ನನ್ನ ಕೈಯಲ್ಲಿ ಗಿಂಡಿ. ಒಂದು ಬೆರಳು, ಒಂದೇ ಬೆರಳು ಬೇಕಿತ್ತು. ಗಿಂಡಿ ಇಟ್ಟು ಒತ್ತಲೇ ಎಂದುಕೊಂಡೆ. ಮಗಳ ಧಾರೆ ಕಡಿಯುವುದೇ ಎಂದೂ ಅನಿಸಿತು. ನಾನು ಸುರಿಯುತ್ತಲೇ ಇದ್ದೆ. ಇವರು ತಲೆ ತಗ್ಗಿಸಿದರು. ಮೂಗು ಕಳಚಿ ಮಗಳ ಕೈ ಮೇಲೆ ಬಿದ್ದು, ಅಲ್ಲಿಂದ ಕೆಳಗಿನ ಹರಿವಾಣದ ನೀರಿಗೆ ಜಾರಿತು.

ಹಿಂದೆ ದೊಡ್ಡ ಪರದೆಯಿತ್ತು. ಊಟಕ್ಕೆ ಕಾಯುತ್ತ ಕೂತವರಿಗೂ ಧಾರೆ ಸರಿಯಾಗಿ ಕಾಣಲಿ ಎಂದು ನಾವೇ ಹಾಕಿಸಿದ್ದು. ಅದರಲ್ಲಿ ಆಳೆತ್ತರಕ್ಕೆ ಇವರ ಮುಖ, ನಡುವಿನಲ್ಲಿ ಆ ತೂತು. ಸಭೆಯ ಗಲಾಟೆ ಒಮ್ಮೆಲೇ ನಿಂತಿತು. ಯಾವುದೋ ಮಗು ಕಿಟಾರನೆ ಕಿರುಚಿತು. ಮಗಳು ಅಳಲಿಲ್ಲ, ಒಂದು ವೀಳ್ಯದೆಲೆಯನ್ನು ಜಾರಿಸಿ ಹರಿವಾಣದಲ್ಲಿದ್ದುದರ ಮೇಲೆ ಮುಚ್ಚಿದಳು. ಪುರೋಹಿತರು ಒಂದು ಉಸಿರು ತಡೆದು ಮಂತ್ರ ಮುಂದುವರಿಸಿದರು. ಇವರು ಕೊನೆಯವರೆಗೂ ಕೈ ತೆಗೆಯಲಿಲ್ಲ. ಮುಗಿದ ಮೇಲೆ ಇವರ ಹೆಗಲ ಶಾಲನ್ನು ನಾನೇ ಮುಖದ ಮೇಲೆ ಎಳೆದೆ.

ಕೋಣೆಗೆ ಕರೆತಂದು ಕೂರಿಸಿದೆ. ಅತ್ತಿಗೆ ಓಡಿ ಬಂದರು, ಹಿಂದೆ ನಾಲ್ಕು ಜನ ನೆಂಟರು. ನನಗೆ ತಡೆಯಲಾಗಲಿಲ್ಲ. "ನೀವು ಎಣ್ಣೆ ಮುಟ್ಟಿಸಿದ್ರಾ ಇಲ್ವಾ? ನಿಜ ಹೇಳಿ." ಅತ್ತಿಗೆಯ ಮುಖ ಬಿಳುಚಿತು. ಹೌದು, ನಾನು ಮಗಳನ್ನು ಮೀಯಿಸುತ್ತಿದ್ದಾಗ ಮೆಲ್ಲಗೆ ಬಂದು ಗರಿಕೆಯಲ್ಲಿ ಒಂದು ಹನಿ ನೆತ್ತಿಗೆ ಮುಟ್ಟಿಸಿದ್ದರಂತೆ. "ನೆತ್ತಿಗೆ ಮಾತ್ರ, ದೇವರಾಣೆ..." ಎಂದರು. "ಆ ಹನಿಯೇ ಇಳಿದದ್ದು. ತಮ್ಮನ ಮಾನ ಕಳೆದ್ರಲ್ಲ, ನಿಮ್ಗೆ ತೃಪ್ತಿಯಾಯ್ತಾ?" ಎಂದು ಕೂಗಿದೆ. ಇವರು ಶಾಲಿನೊಳಗೆ ಮುಖ ಹುದುಗಿಸಿ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಅತ್ತಿಗೆ ಅವತ್ತು ಊಟದ ಎಲೆಗೆ ಕೂರಲಿಲ್ಲ. ಮರುದಿನದ ರೈಲಿಗೆ ಉಡುಪಿಗೆ ಹೊರಟುಹೋದರು.

ಮೂರನೇ ದಿನ ಮಧ್ಯಾಹ್ನ, ಡೊಂಬಿವಲಿಯ ಮನೆಯಲ್ಲಿ, ಮೂಗಿನ ಡಬ್ಬಿ ತೆರೆದೆ. ಇವರು ಮತ್ತೆ ಮಾಸ್ಕಿಗೆ ತಿರುಗಿದ್ದರು. ಆದರೂ ಅದನ್ನು ತೊಳೆದಿಡಬೇಕಲ್ಲ. ಅಂಚಿನ ಒಣಗಿದ ಅಂಟನ್ನು ಬೆರಳಲ್ಲಿ ಉರುಳಿಸಿ ತೆಗೆದೆ. ಬಲಗಡೆಯ ಒಳ ಅಂಚಿನಲ್ಲಿ ಒಂದು ಹಳದಿ ಕಲೆ. ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ಬೆಳಕಿಗೆ ಹಿಡಿದೆ. ಗೆರೆಗೆರೆಯಾಗಿ, ಹೆಬ್ಬೆರಳಿನ ಗುರುತು. ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟೆ. ಸರಿಯಾಗಿ ಕೂತಿತು.

ಅರಸಿನೆಣ್ಣೆ. ನೆತ್ತಿಯಿಂದ ಇಳಿದದ್ದಲ್ಲ. ಮಗಳಿಗೆ ತಿಕ್ಕಿದ ಕೈ, ಎರಡು ಸಲ ಸೋಪು ಹಾಕಿದ ಕೈ. ಹೊಸ ಹಸಿರು ಬಳೆಗಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಎಣ್ಣೆ ಉಳಿದಿತ್ತು. ಊರಿಗೆಲ್ಲ ಕಾವಲು ಕಾದವಳು ನನ್ನ ಕೈಯನ್ನೇ ನೋಡಿಕೊಂಡಿರಲಿಲ್ಲ. ಡಬ್ಬಿ ಹಿಡಿದುಕೊಂಡೇ ಹೋಗಿ ಇವರೆದುರು ನಿಂತೆ.

"ಇದು ನನ್ನ ಕೈ ಎಣ್ಣೆ. ಅತ್ತಿಗೆದಲ್ಲ."

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಗೊತ್ತುಂಟು."

"ಹೇಗೆ ಗೊತ್ತು?"

"ಅಂಟಿಸುವಾಗ ವಾಸನೆ ಬಂತು. ಒಂದೊಂದು ದಿನ ಬರ್ತದೆ ನಂಗೆ. ಅವತ್ತು ಬಂತು. ಎಣ್ಣೆದು, ಅರಸಿನದ್ದು."

"ಹಾಗಾದ್ರೆ ಹೇಳ್ಬಾರ್ದಿತ್ತಾ? ಇನ್ನೊಮ್ಮೆ ತೊಳ್ಕೊಂಡು ಬರ್ತಿದ್ದೆನಲ್ಲ!"

ಅವರು ಪೇಪರು ಮಡಚಿದರು. "ಹೇಳ್ಲಿಕ್ಕೆ ಹೊರಟೆ. ನೀನು ಆಗಷ್ಟೇ ಅಕ್ಕನಿಗೆ ಬೈದು ಬಂದಿದ್ದಿ. ಸಿಟ್ಟು ಮೂಗಿನ ತುದೀಲಿತ್ತು. ನಂಗೆ ಹೆದ್ರಿಕೆ ಆಯ್ತು ಮಾರಾಯ್ತಿ."

ನಾಲ್ಕು ವರ್ಷದಲ್ಲಿ ಆ ಮಾತು ನಮ್ಮ ಮನೆಯಲ್ಲಿ ಕೇಳಿದ್ದು ಅವತ್ತೇ. ಅಕ್ಕನಿಗೆ ನಾನು ಅಷ್ಟೆಲ್ಲ ಅಂದಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಉತ್ತರವೂ ಅದೇ ಎಂದು ನನಗೆ ಗೊತ್ತಿತ್ತು.

ಸಂಜೆ ಅತ್ತಿಗೆಗೆ ಫೋನ್ ಮಾಡಿದೆ. ತಪ್ಪು ನನ್ನದು, ನಿಮ್ಮ ಹನಿಯದ್ದಲ್ಲ, ಕಾಲಿಗೆ ಬೀಳುತ್ತೇನೆ ಎಂದೆ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. ಅತ್ತಿಗೆ ಅಳುತ್ತಿದ್ದರು.

"ಆದದ್ದಾಯ್ತು ಬಿಡು," ಎಂದರು. "ತಮ್ಮನಿಗೆ ಮಾತ್ರ ಇದು ಹೇಳ್ಬೇಡ. ನಾನೇ ಮಾಡಿದ್ದು ಅಂತ ಇರ್ಲಿ. ಪಾಪ, ಅವನಿಗೆ ಗೊತ್ತಿದ್ರೆ ನನ್ನನ್ನು ಹಾಗೆ ಬೈಲಿಕ್ಕೆ ಬಿಡ್ತಿದ್ನಾ?"

ಬಿಡುತ್ತಿರಲಿಲ್ಲ ಅತ್ತಿಗೆ, ಎಂದೆ.